ಕಾರಿನ ಮುಂಗಾಜನ್ನು ತೊಳೆಯುವ ಜೆಟ್: ಮನೆಯಲ್ಲಿಯೇ ಮಾಡಬಹುದಾದ ಒಂದು ಸುಧಾರಣೆ

ಮುಂಗಾರಿನ ಮೊದಲ ವಾರದಲ್ಲಿ ಭಟ್ಕಳದ ಬಳಿಯ ಹೆಬಳೆಯಿಂದ ಹೊನ್ನಾವರದ ಕಡೆಗೆ ಕಾರಿನಲ್ಲಿ ಹೊರಟವರಿಗೆ ಒಂದು ಅನುಭವವು ತಪ್ಪಿದ್ದಲ್ಲ. ಮಳೆ ಆಗತಾನೆ ನಿಂತಿರುತ್ತದೆ. ರಾಷ್ಟ್ರೀಯ ಹೆದ್ದಾರಿ 66ರಲ್ಲಿ ಎದುರಿನಿಂದ ಬಂದ ಲಾರಿಯ ಚಕ್ರವು ಚಿರೆಕಲ್ಲಿನ ಕೆಂಪು ರಾಡಿಯನ್ನು ನಮ್ಮ ಕಾರಿನ ಮುಂಗಾಜಿನ ಮೇಲೆ ಎರಚಿ ಹೋಗುತ್ತದೆ. ಚಾಲಕನು ಒಡನೆಯೇ ವಾಷರಿನ ಹಿಡಿಕೆಯನ್ನು ಎಳೆಯುತ್ತಾನೆ. ಎರಡು ತೆಳುವಾದ ನೀರಿನ ಧಾರೆಗಳು ಎದ್ದು ಗಾಜಿನ ಮೇಲೆ ಎರಡು ತಾಣಗಳನ್ನು ಮಾತ್ರ ತೋಯಿಸುತ್ತವೆ. ಒಣಗಿದ ಉಳಿದ ಭಾಗದ ಮೇಲೆ ವೈಪರು ರಾಡಿಯನ್ನು ಸವರಿಬಿಡುತ್ತದೆ. ಮುಂದಿನ ದಾರಿಯೇ ಮರೆಯಾಗುತ್ತದೆ.

ಈ ಕುರುಡುತನವು ಮೂರು ಸೆಕೆಂಡುಗಳ ಕಾಲ ಮಾತ್ರ ಇತ್ತೆಂದು ಭಾವಿಸೋಣ. ಗಂಟೆಗೆ 60 ಕಿಲೋಮೀಟರ್ ವೇಗವೆಂದರೆ ಸೆಕೆಂಡಿಗೆ ಸುಮಾರು 16.7 ಮೀಟರ್. ಅಂದರೆ ಚಾಲಕನು 50 ಮೀಟರ್ ದೂರವನ್ನು ಏನೂ ಕಾಣದೆ ಕ್ರಮಿಸಿದಂತಾಯಿತು. ಅಷ್ಟರೊಳಗೆ ಶಾಲೆಯ ಮಗುವೊಂದು ರಸ್ತೆಯನ್ನು ದಾಟಲು ಹೆಜ್ಜೆಯಿಟ್ಟಿರಬಹುದು. ಆದುದರಿಂದ ವಾಷರು ಅಲಂಕಾರದ ವಸ್ತುವಲ್ಲ. ಬ್ರೇಕಿನಂತೆ ಅದೂ ಪ್ರಾಣರಕ್ಷಣೆಯ ಸಾಧನವೇ. ಅದನ್ನು ಅಲ್ಪ ವೆಚ್ಚದಲ್ಲಿ ಹೇಗೆ ಉತ್ತಮಪಡಿಸಬಹುದು, ಅದರ ಹಿಂದಿರುವ ವಿಜ್ಞಾನವೇನು ಎಂಬುದನ್ನು ಇಲ್ಲಿ ವಿಚಾರ ಮಾಡೋಣ.

ದೋಷವೆಲ್ಲಿದೆ?

ವಾಷರಿನ ರಚನೆ ಬಹು ಸರಳ. ಬಾನೆಟ್ಟಿನ ಕೆಳಗೆ ಪ್ಲಾಸ್ಟಿಕ್ಕಿನ ನೀರಿನ ತೊಟ್ಟಿ. ಅದಕ್ಕೆ ಹೊಂದಿಕೊಂಡಂತೆ 12 ವೋಲ್ಟಿನ ಬ್ಯಾಟರಿಯಿಂದ ನಡೆಯುವ ಪುಟ್ಟ ಪಂಪು. ಅಲ್ಲಿಂದ ಸಣ್ಣ ರಬ್ಬರು ಕೊಳವೆ. ಕೊನೆಯಲ್ಲಿ ಜೆಟ್, ಎಂದರೆ ನೀರನ್ನು ಚಿಮ್ಮಿಸುವ ಮೂತಿ. ಹಳೆಯ ಮಾದರಿಯ ಮೂತಿಯಲ್ಲಿ ಸುಮಾರು ಒಂದು ಮಿಲಿಮೀಟರ್ ವ್ಯಾಸದ ಒಂದು ಅಥವಾ ಎರಡು ರಂಧ್ರಗಳಿರುತ್ತವೆ.

ನೀರು ಸಾಲದುದೇ ದೋಷಕ್ಕೆ ಕಾರಣವೆಂದು ಬಹು ಮಂದಿ ತಿಳಿಯುತ್ತಾರೆ. ಇದು ನಿಜವೇ ಎಂಬುದನ್ನು ನಾವೇ ಅಳೆದು ನೋಡಬಹುದು. ಒಂದು ಜೆಟ್ಟಿನ ನೀರನ್ನು ಐದು ಸೆಕೆಂಡುಗಳ ಕಾಲ ಲೋಟವೊಂದರಲ್ಲಿ ಹಿಡಿದು ಅಳತೆಯ ಪಾತ್ರೆಗೆ ಸುರಿಯೋಣ. ಅದು 45 ಮಿಲಿಲೀಟರ್ ಇದ್ದರೆ ಸೆಕೆಂಡಿಗೆ 9 ಮಿಲಿಲೀಟರ್ ಹರಿದಂತಾಯಿತು. ಒಂದು ಮಿಲಿಮೀಟರ್ ವ್ಯಾಸದ ರಂಧ್ರದ ವಿಸ್ತೀರ್ಣ 0.785 ಚದರ ಮಿಲಿಮೀಟರ್. ಹರಿವನ್ನು ವಿಸ್ತೀರ್ಣದಿಂದ ಭಾಗಿಸಿದರೆ ಧಾರೆಯ ವೇಗವು ಸೆಕೆಂಡಿಗೆ ಸುಮಾರು 11.5 ಮೀಟರ್ ಎಂದು ದೊರೆಯುತ್ತದೆ.

ಇಂತಹ ಎರಡು ಜೆಟ್ಟುಗಳಿಂದ ಮೂರು ಸೆಕೆಂಡುಗಳಲ್ಲಿ 54 ಮಿಲಿಲೀಟರ್ ನೀರು ಬರುತ್ತದೆ. ಗಾಜಿನ ವಿಸ್ತೀರ್ಣವು ಒಂದು ಚದರ ಮೀಟರ್ ಎಂದಿಟ್ಟುಕೊಳ್ಳೋಣ. ಈ ನೀರನ್ನು ಅದರ ಮೇಲೆ ಸಮನಾಗಿ ಹರಡಿದರೆ 0.054 ಮಿಲಿಮೀಟರ್ ದಪ್ಪದ ಪೊರೆಯಾಗುತ್ತದೆ. ಗಾಜನ್ನೆಲ್ಲ ಒದ್ದೆಮಾಡಿ ಕೊಳೆಯನ್ನು ನೆನೆಸುವುದಕ್ಕೆ ಇಷ್ಟು ಸಾಕು. ಹಾಗಾದರೆ ದೋಷವು ನೀರಿನ ಪ್ರಮಾಣದಲ್ಲಿಲ್ಲ, ಅದರ ಹಂಚಿಕೆಯಲ್ಲಿದೆ ಎಂದಾಯಿತು.

ಹಂಚಿಕೆ ಸರಿಯಿಲ್ಲದಿದ್ದರೆ ಇನ್ನೊಂದು ಹಾನಿಯೂ ಉಂಟು. ಕೆಂಪು ಧೂಳಿನಲ್ಲಿ ಬೆಣಚುಕಲ್ಲಿನ ಹರಳುಗಳು ಬೆರೆತಿರುತ್ತವೆ. ಗಡಸುತನವನ್ನು ಅಳೆಯುವ ಮೋಸ್ ಮಾನದಲ್ಲಿ ಬೆಣಚುಕಲ್ಲು 7, ಗಾಜು ಸುಮಾರು 5.5. ಒಣಗಾಜಿನ ಮೇಲೆ ವೈಪರು ಈ ಹರಳುಗಳನ್ನು ಎಳೆದಾಡಿದರೆ ಗೀರುಗಳು ಬೀಳುತ್ತವೆ. ರಾತ್ರಿಯಲ್ಲಿ ಎದುರಿನ ವಾಹನದ ದೀಪದ ಬೆಳಕು ಆ ಗೀರುಗಳಲ್ಲಿ ಚದರಿ ಕಣ್ಣು ಕೋರೈಸುತ್ತದೆ.

ರಂಧ್ರವನ್ನು ಹಿಗ್ಗಿಸಬಾರದು

ಸೂಜಿಯಿಂದಲೋ ಡ್ರಿಲ್ಲಿನಿಂದಲೋ ರಂಧ್ರವನ್ನು ದೊಡ್ಡದು ಮಾಡುವುದು ಕೆಲವರ ಉಪಾಯ. ಇದು ತಪ್ಪು. ವ್ಯಾಸವನ್ನು ಇಮ್ಮಡಿಸಿದರೆ ವಿಸ್ತೀರ್ಣವು ನಾಲ್ಕು ಪಟ್ಟಾಗುತ್ತದೆ. ಪುಟ್ಟ ಪಂಪು ನಾಲ್ಕು ಪಟ್ಟು ನೀರನ್ನು ಒದಗಿಸಲಾರದು. ಆದುದರಿಂದ ಒತ್ತಡ ಕುಸಿದು ವೇಗವು ತಗ್ಗುತ್ತದೆ. ಧಾರೆಯು ಏರುವ ಎತ್ತರವಾದರೋ ವೇಗದ ವರ್ಗವನ್ನು ಅನುಸರಿಸುತ್ತದೆ; ವೇಗವು ಅರ್ಧವಾದರೆ ಎತ್ತರವು ಕಾಲುಭಾಗಕ್ಕೆ ಇಳಿಯುತ್ತದೆ. ಗಂಟೆಗೆ 80 ಕಿಲೋಮೀಟರ್ ವೇಗದಲ್ಲಿ ಸೆಕೆಂಡಿಗೆ 22 ಮೀಟರಿನಷ್ಟು ರಭಸದ ಗಾಳಿ ಎದುರಾಗುತ್ತದೆ. ಆಗ ಇಂತಹ ನಿಶ್ಶಕ್ತ ಧಾರೆಯು ಗಾಜಿನ ಬುಡದಲ್ಲಿಯೇ ಬಿದ್ದುಹೋಗುತ್ತದೆ.

ಬೀಸಣಿಗೆಯಂತೆ ಹರಡುವ ಜೆಟ್

ತೋಟಕ್ಕೆ ನೀರುಣಿಸುವಾಗ ಕೊಳವೆಯ ಬಾಯಿಗೆ ಬೆರಳನ್ನು ಅಡ್ಡ ಹಿಡಿದು ನೀರನ್ನು ಬೀಸಣಿಗೆಯಂತೆ ಹರಡುವುದನ್ನು ವಾಚಕರು ಬಲ್ಲರು. ಹೊಸ ಮಾದರಿಯ ಜೆಟ್ಟು ಇದೇ ಕೆಲಸವನ್ನು ಇನ್ನಷ್ಟು ಜಾಣತನದಿಂದ ಮಾಡುತ್ತದೆ. ಅದನ್ನು ತಿಳಿಯಲು ಅಡಿಗೆಮನೆಯಲ್ಲಿ ಒಂದು ಪ್ರಯೋಗವನ್ನು ಮಾಡೋಣ. ಚಮಚವೊಂದನ್ನು ಸಡಿಲವಾಗಿ ತೂಗುಹಿಡಿದು, ಅದರ ಉಬ್ಬಿದ ಬೆನ್ನನ್ನು ನಲ್ಲಿಯ ನೀರಿಗೆ ಮೆಲ್ಲನೆ ತಾಗಿಸಬೇಕು. ಚಮಚವು ದೂರ ತಳ್ಳಲ್ಪಡುವುದಿಲ್ಲ; ಬದಲಾಗಿ ಧಾರೆಯ ಒಳಕ್ಕೆ ಸೆಳೆಯಲ್ಪಡುತ್ತದೆ. ನೀರೂ ಚಮಚದ ಬಾಗನ್ನು ಅನುಸರಿಸಿ ಹರಿಯುತ್ತದೆ. ಹರಿಯುವ ಧಾರೆಯು ಹೀಗೆ ಪಕ್ಕದ ಗೋಡೆಗೆ ಅಂಟಿಕೊಳ್ಳುವ ಗುಣಕ್ಕೆ ರುಮೇನಿಯದ ಎಂಜಿನಿಯರ್ ಕೊಆಂಡನ ಹೆಸರಿನಿಂದ ಕೊಆಂಡ ಪರಿಣಾಮವೆಂದು ಕರೆಯುತ್ತಾರೆ.

ಹೊಸ ಜೆಟ್ಟಿನೊಳಗೆ ಒಂದು ಪುಟ್ಟ ಕೋಣೆಯಿದೆ. ಒಳನುಗ್ಗಿದ ಧಾರೆಯು ಮೊದಲು ಒಂದು ಪಕ್ಕದ ಗೋಡೆಗೆ ಅಂಟಿಕೊಳ್ಳುತ್ತದೆ. ಅದರ ಸ್ವಲ್ಪ ಭಾಗವು ಪಕ್ಕದ ಓಣಿಯೊಂದರ ಮೂಲಕ ಹಿಂದಿರುಗಿ, ಧಾರೆಯ ಬುಡವನ್ನು ತಳ್ಳಿ, ಅದನ್ನು ಎದುರು ಗೋಡೆಗೆ ಹಾಯಿಸುತ್ತದೆ. ಅಲ್ಲಿಯೂ ಇದೇ ಕ್ರಿಯೆ ನಡೆಯುವುದರಿಂದ ಧಾರೆ ಮತ್ತೆ ಮೊದಲಿನ ಗೋಡೆಗೆ ಮರಳುತ್ತದೆ. ಈ ಓಲಾಟವು ಬಹು ಶೀಘ್ರವಾದುದರಿಂದ ನಮ್ಮ ಕಣ್ಣಿಗೆ ಒಂದು ನೀರಿನ ಬೀಸಣಿಗೆಯೇ ಕಾಣುತ್ತದೆ. ಚಲಿಸುವ ಭಾಗವು ಒಂದೂ ಇಲ್ಲ. ಸವೆಯುವುದಕ್ಕೆ ಏನೂ ಇಲ್ಲ.

ದ್ರವದಿಂದಲೇ ದ್ರವವನ್ನು ನಿಯಂತ್ರಿಸುವ ಇಂತಹ ಉಪಕರಣಗಳನ್ನು 1960ರ ಸುಮಾರಿಗೆ ಅಮೆರಿಕದ ಸೈನ್ಯದ ಪ್ರಯೋಗಾಲಯವೊಂದರಲ್ಲಿ ಹಾರ್ಟನ್, ಬೌಲ್ಸ್, ವಾರೆನ್ ಎಂಬ ಎಂಜಿನಿಯರುಗಳು ಬೆಳೆಸಿದರು. ಸೈನ್ಯಕ್ಕಾಗಿ ಹುಟ್ಟಿದ ವಿದ್ಯೆಯು ಇಂದು ನಮ್ಮ ಗಾಜಿನ ರಾಡಿಯನ್ನು ತೊಳೆಯುತ್ತಿದೆ.

ಕೆಲಸದ ಕ್ರಮ

ಎಂಜಿನ್ನನ್ನು ನಿಲ್ಲಿಸಿ, ಅದು ತಣಿದ ಮೇಲೆ ಬಾನೆಟ್ಟನ್ನು ಎತ್ತಿ ಊರೆಗೋಲನ್ನು ಭದ್ರವಾಗಿ ಕೊಡಬೇಕು.

ಮೊದಲನೆಯದಾಗಿ, ಇರುವುದನ್ನು ಪರೀಕ್ಷಿಸೋಣ. ತೊಟ್ಟಿಯಲ್ಲಿ ಪಾಚಿ ಕಟ್ಟಿದೆಯೇ? ಕೊಳವೆ ಎಲ್ಲಿಯಾದರೂ ಮಡಿಚಿದೆಯೇ, ಸೋರುತ್ತಿದೆಯೇ? ಕಡಲತೀರದ ಬಾವಿಗಳ ನೀರಿನಲ್ಲಿ ಲವಣವು ಬೆರೆತಿರಬಹುದು. ನೀರು ಆರಿದಾಗ ಆ ಲವಣವು ರಂಧ್ರದಲ್ಲಿ ಉಳಿದು ಅದನ್ನು ಕಿರಿದುಗೊಳಿಸುತ್ತದೆ. ತೆಳುವಾದ ಸೂಜಿಯಿಂದ, ರಂಧ್ರ ಹಿಗ್ಗದಂತೆ, ಅದನ್ನು ಬಿಡಿಸಬೇಕು. ಎಷ್ಟೋ ವೇಳೆ ಇಷ್ಟರಿಂದಲೇ ಕೆಲಸವಾಗುತ್ತದೆ; ಖರ್ಚು ಏನೂ ಇಲ್ಲ.

ಎರಡನೆಯದಾಗಿ, ಬೀಸಣಿಗೆ ಜೆಟ್ಟನ್ನು ಆರಿಸಬೇಕು. ಬಿಡಿಭಾಗಗಳ ಅಂಗಡಿಯಲ್ಲಿ ಅಥವಾ ಗುಜರಿಯಲ್ಲಿ ಇವು ಅಗ್ಗವಾಗಿ ದೊರೆಯಬಹುದು. ಹಳೆಯ ಜೆಟ್ಟನ್ನೇ ಜೊತೆಗೆ ಒಯ್ದು, ಕೂರುವ ಭಾಗದ ಆಕಾರವನ್ನೂ ಕೊಳವೆ ಸಿಕ್ಕಿಸುವ ತುದಿಯ ದಪ್ಪವನ್ನೂ ಹೋಲಿಸಿ ಕೊಳ್ಳಬೇಕು. ಹೊಂದದ ಜೆಟ್ಟನ್ನು ಕೂರಿಸಲು ಬಾನೆಟ್ಟಿನ ತಗಡನ್ನು ಅರದಿಂದ ಉಜ್ಜಬಾರದು. ಹೆಬಳೆಯಂತಹ ಕಡಲ ದಂಡೆಯ ಊರಿನಲ್ಲಿ ಉಪ್ಪಿನ ಗಾಳಿಯು ಬಣ್ಣ ಹೋದ ಕಬ್ಬಿಣವನ್ನು ಬಹು ಬೇಗ ತುಕ್ಕುಹಿಡಿಸುತ್ತದೆ.

ಮೂರನೆಯದಾಗಿ, ಜೋಡಣೆ. ಬಾನೆಟ್ಟಿನ ಅಡಿಯಿಂದ ಕೊಳವೆಯನ್ನು ಬಿಡಿಸಿ, ಜೆಟ್ಟಿನ ಹಲ್ಲುಗಳನ್ನು ಒತ್ತಿದರೆ ಅದು ಮೇಲಕ್ಕೆ ಬರುತ್ತದೆ. ಹೊಸದನ್ನು ಸಿಕ್ಕಿಸುವ ಮುನ್ನ ಪಂಪನ್ನು ಕ್ಷಣಕಾಲ ನಡೆಸಿ ಕೊಳವೆಯ ಕಸವನ್ನು ಹೊರದೂಡಬೇಕು. ಹೊಸ ಜೆಟ್ಟಿನ ಓಣಿಗಳು ಬಹು ಕಿರಿದು. ಹಿಡಿಕೆಯನ್ನು ಎಳೆದ ಬಳಿಕ ನೀರು ತಡವಾಗಿ ಬರುತ್ತಿದ್ದರೆ, ಕೊಳವೆಯ ನಡುವೆ ನೀರು ಹಿಂದಿರುಗದಂತೆ ತಡೆಯುವ ಪುಟ್ಟ ಕವಾಟವೊಂದನ್ನು ಸೇರಿಸಬಹುದು. ಅದರ ಮೇಲಿನ ಬಾಣದ ಗುರುತು ಜೆಟ್ಟಿನ ಕಡೆಗಿರಬೇಕು.

ನಾಲ್ಕನೆಯದಾಗಿ, ಗುರಿ. ಬೀಸಣಿಗೆಯ ಹನಿಗಳು ಸಣ್ಣವಾದುದರಿಂದ ಗಾಳಿಯು ಅವನ್ನು ಸುಲಭವಾಗಿ ಒತ್ತುತ್ತದೆ. ಆದುದರಿಂದ ಕಾರು ನಿಂತಿರುವಾಗ ನೀರು ಗಾಜಿನ ನಡುಭಾಗಕ್ಕಿಂತ ತುಸು ಮೇಲೆ ಬೀಳುವಂತೆ ಹೊಂದಿಸಿದರೆ, ಓಡುವಾಗ ಅದು ಸರಿಯಾದ ಸ್ಥಾನಕ್ಕೆ ಇಳಿಯುತ್ತದೆ. ಹೊಂದಿಸುವಾಗ ಮುಖವನ್ನು ಜೆಟ್ಟಿನ ಎದುರಿಗೆ ಒಡ್ಡಬಾರದು. ಬರಿದಾದ ತೊಟ್ಟಿಯಿಂದ ಪಂಪನ್ನು ನಡೆಸಬಾರದು.

ತೊಟ್ಟಿಯ ನೀರು

ತೊಟ್ಟಿಯಲ್ಲಿ ಬರಿಯ ನೀರನ್ನು ತಿಂಗಳುಗಟ್ಟಲೆ ನಿಲ್ಲಿಸುವುದೂ ಸರಿಯಲ್ಲ. ಇಂಗ್ಲೆಂಡಿನ ಆರೋಗ್ಯ ಸಂಶೋಧಕರು 2010ರಲ್ಲಿ ಪ್ರಕಟಿಸಿದ ಅಧ್ಯಯನವೊಂದು, ವಾಷರಿನಲ್ಲಿ ಬರಿಯ ನೀರನ್ನು ಬಳಸುವುದಕ್ಕೂ ಲೀಜನೆಲ್ಲ ಎಂಬ ಬ್ಯಾಕ್ಟೀರಿಯದಿಂದ ಬರುವ ಶ್ವಾಸಕೋಶದ ಕಾಯಿಲೆಗೂ ಸಂಬಂಧವಿರುವುದನ್ನು ತೋರಿಸಿತು. ಶುದ್ಧವಾದ ನೀರಿಗೆ ಗಾಜು ತೊಳೆಯುವ ದ್ರಾವಣವನ್ನು ಹೇಳಿದ ಪ್ರಮಾಣದಲ್ಲಿ ಬೆರೆಸುವುದು ಲೇಸು. ಅದು ನೀರಿನ ಮೇಲ್ಮೈ ಬಿಗಿತವನ್ನು ಕಡಿಮೆಮಾಡಿ, ನೀರು ಹನಿಗಟ್ಟದೆ ಗಾಜಿನ ಮೇಲೆ ಹರಡುವಂತೆಯೂ ಮಾಡುತ್ತದೆ.

ಕೆಲಸ ಮುಗಿದ ಮೇಲೆ ಲೋಟದ ಪ್ರಯೋಗವನ್ನು ಇನ್ನೊಮ್ಮೆ ಮಾಡಿ ನೋಡಬೇಕು. ನೀರಿನ ಮೊತ್ತ ಮೊದಲಿನಷ್ಟೇ ಇರಬಹುದು, ತುಸು ಕಡಿಮೆಯೂ ಇರಬಹುದು. ಆದರೆ ವೈಪರು ತನ್ನ ಮೊದಲ ಬೀಸಿಗೆ ಹೊರಡುವ ಮೊದಲೇ ಚಾಲಕನ ಕಣ್ಣೆದುರಿನ ಗಾಜು ತೊಯ್ದಿದ್ದರೆ ನಮ್ಮ ಶ್ರಮವು ಸಾರ್ಥಕ. ಕಾಣದೆ ಕ್ರಮಿಸುತ್ತಿದ್ದ ಆ 50 ಮೀಟರುಗಳಲ್ಲಿ ಹಲವನ್ನಾದರೂ ನಾವು ಮರಳಿ ಪಡೆದಂತಾಗುತ್ತದೆ.