ಬಂಡೆಯ ನೆಲದ ಓಟ, ಮಳೆಯ ನೆಲದ ಓಟ

ಕನ್ನಡದಲ್ಲಿ ‘ಓಡು’ ಎಂಬ ಧಾತುವಿನಿಂದ ‘ಓಟ’ ಎಂಬ ಭಾವನಾಮ ಹುಟ್ಟಿದೆ. ಆಡುವಿನಿಂದ ಆಟ, ನೋಡುವಿನಿಂದ ನೋಟ, ಕೂಡುವಿನಿಂದ ಕೂಟ ಹುಟ್ಟಿದ ಹಾಗೆ. ಹಳಗನ್ನಡದಲ್ಲಿ ಇದೇ ಅರ್ಥಕ್ಕೆ ‘ಪರಿ’ ಎಂಬ ಇನ್ನೊಂದು ಧಾತುವೂ ಬಳಕೆಯಲ್ಲಿತ್ತು. ಪಕಾರವು ಹಕಾರವಾಗಿ ಅದು ‘ಹರಿ’ ಎಂದಾಯಿತು. ಇಂದು ನೀರು ಮಾತ್ರ ಹರಿಯುತ್ತದೆ, ಮನುಷ್ಯ ಓಡುತ್ತಾನೆ. ಅಂದು ಕುದುರೆಯೂ ಆಳೂ ಹೊಳೆಯೂ ಒಂದೇ ಕ್ರಿಯೆಯನ್ನು ಮಾಡುತ್ತಿದ್ದವು. ಸಂಸ್ಕೃತದ ‘ಧಾವ್’ ಧಾತುವಿಗೆ ವೈಯಾಕರಣರು ಗತಿ, ಶುದ್ಧಿ ಎಂಬ ಎರಡು ಅರ್ಥಗಳನ್ನು ಹೇಳಿದ್ದಾರೆ. ಓಡುವವನು ಬೆವರಿನಲ್ಲಿ ತೊಳೆಯಲ್ಪಡುತ್ತಾನೆಂದು ಅವರು ಎಣಿಸಿದ್ದರೋ ಇಲ್ಲವೋ, ಮಳೆಯಲ್ಲಿ ಓಡಿದವರಿಗೆ ಈ ಎರಡು ಅರ್ಥಗಳ ಸಾಮೀಪ್ಯವನ್ನು ಬಿಡಿಸಿ ಹೇಳಬೇಕಾಗಿಲ್ಲ.

ಚಿತ್ರದುರ್ಗದ ಜನಕ್ಕೆ ಓಟದ ನೆಲವೆಂದರೆ ಚಂದ್ರವಳ್ಳಿ. ಕದಂಬ ಮಯೂರಶರ್ಮನು ಕೆರೆಯನ್ನು ಕಟ್ಟಿಸಿದ ಸಂಗತಿಯನ್ನು ಹೇಳುವ ಶಾಸನ ಇಲ್ಲಿಯದೇ. 1947ರಲ್ಲಿ ವ್ಹೀಲರ್ ಮಹಾಶಯರು ಉತ್ಖನನ ನಡೆಸಿದ ಕಣಿವೆಯೂ ಇದೇ. ಬೆಟ್ಟಗಳ ನಡುವೆ ಕೆರೆ, ಕೆರೆಯ ಬದಿಗೆ ದಾರಿ, ದಾರಿಯ ಮಗ್ಗುಲಿಗೆ ಅಂಕಲಿಮಠದ ಗುಹೆಗಳಿರುವ ಬಂಡೆಗಳು. ಸಮುದ್ರಮಟ್ಟದಿಂದ ಏಳುನೂರು ಮೀಟರಿಗೂ ಮೇಲಿರುವ ಈ ಸ್ಥಳದಲ್ಲಿ ಮುಂಜಾವಿನ ಗಾಳಿ ಒಣಗಿದ್ದು, ತಂಪಾಗಿರುತ್ತದೆ. ವರ್ಷಕ್ಕೆ ಆರುನೂರು ಮಿಲಿಮೀಟರಿನ ಆಸುಪಾಸು ಬೀಳುವ ಮಳೆ ಓಟಗಾರನಿಗೆ ಅಡ್ಡಿಯೇ ಅಲ್ಲ. ಬಿದ್ದರೂ ಕಣಶಿಲೆಯ ಒರಟು ಮೈ ಬಿಸಿಲಿಗೆ ಬೇಗ ಆರಿ, ಪಾದಕ್ಕೆ ಹಿಡಿತವನ್ನು ಕೊಡುತ್ತದೆ.

ಆದರೂ ದುರ್ಗದ ಸೀಮೆಯಲ್ಲಿ ಓಟಕ್ಕೆ ಮರ್ಯಾದೆ ದೊರೆತದ್ದು ತಡವಾಗಿಯೇ. ಏಳು ಸುತ್ತಿನ ಕೋಟೆಯ ಊರಿನಲ್ಲಿ ನಿಂತು ಕಾದವರಿಗೆ ಹಾಡುಂಟು, ಓಡಿದವರಿಗಿಲ್ಲ. ಒನಕೆಯನ್ನು ಹಿಡಿದು ಕಿಂಡಿಯ ಬಳಿ ನಿಂತ ಓಬವ್ವ ನೆನಪಿನಲ್ಲಿ ಉಳಿದದ್ದು ನಿಂತದ್ದರಿಂದ. ‘ಓಡಿಹೋದ’ ಎಂಬುದು ಇಂದಿಗೂ ಬೈಗುಳ. ಓಟವನ್ನೇ ಕಾಯಕವಾಗಿ ನಡೆಸಿದವರನ್ನು ಮಾತ್ರ ನಾಡು ಮರೆತಿದೆ. ಚಿಕ್ಕದೇವರಾಜ ಒಡೆಯರ ಕಾಲದಲ್ಲಿ ಆರಂಭವಾಗಿ 1889ರಲ್ಲಿ ಬ್ರಿಟಿಷ್ ಭಾರತದ ಅಂಚೆಯೊಡನೆ ವಿಲೀನವಾದ ಮೈಸೂರು ಅಂಚೆಯಲ್ಲಿ ಚೀಲ ಹೊತ್ತು ಕಾಡುಮೇಡುಗಳಲ್ಲಿ ಓಡಿದವರ ಹೆಸರುಗಳು ಯಾವ ಕಲ್ಲಿನಲ್ಲಿಯೂ ಇಲ್ಲ.

ಈ ಬಂಡೆಯ ನೆಲದಲ್ಲಿ ಓಟ ಕಲಿತ ಹುಡುಗನೊಬ್ಬ ಮುಂದಿನ ವ್ಯಾಸಂಗಕ್ಕೆ ಮಂಗಳೂರಿಗೆ ಹೋಗುತ್ತಾನೆಂದು ಇಟ್ಟುಕೊಳ್ಳೋಣ. ಇದು ಕಲ್ಪನೆಯ ಮಾತಲ್ಲ; ಪ್ರತಿವರ್ಷವೂ ಈ ಜಿಲ್ಲೆಯ ಮಕ್ಕಳು ಘಟ್ಟವನ್ನು ಇಳಿಯುತ್ತಾರೆ. ಹಿಂದೆ 13ನೆಯ ರಾಷ್ಟ್ರೀಯ ಹೆದ್ದಾರಿ ಎನಿಸಿಕೊಂಡಿದ್ದ ಒಂದೇ ರಸ್ತೆ ಸೊಲ್ಲಾಪುರದಿಂದ ಹೊರಟು ಚಿತ್ರದುರ್ಗವನ್ನು ಹಾದು ಮಂಗಳೂರಿನಲ್ಲಿ ಮುಗಿಯುತ್ತಿತ್ತು. ರಸ್ತೆ ಒಂದೇ ಆದರೂ ಅದರ ಎರಡು ತಾಣಗಳ ನೆಲದ ಗುಣ ಒಂದಲ್ಲ.

ಮಂಗಳೂರು ಸಮತಟ್ಟಾದ ಕಡಲೂರು ಎಂದು ಬಯಲುಸೀಮೆಯವರು ತಿಳಿಯುವುದುಂಟು. ಕಡಲ ತೀರದಲ್ಲಿ ಅದು ನಿಜ, ಊರೊಳಗೆ ಅಲ್ಲ. ನೇತ್ರಾವತಿ, ಫಲ್ಗುಣಿ ನದಿಗಳ ನಡುವೆ ಹಬ್ಬಿರುವ ಈ ನಗರವು ಗುಡ್ಡದ ಮೇಲೆ ಗುಡ್ಡವಾಗಿ ಕುಳಿತಿದೆ. ಹಂಪನಕಟ್ಟೆಯಿಂದ ಬಾವುಟಗುಡ್ಡಕ್ಕೆ ಏರಬೇಕು, ಬಲ್ಮಠದ ಏರು ಬೇರೆ, ಕದ್ರಿಯ ಏರು ಬೇರೆ. ಕದ್ರಿಯ ದೇಗುಲದಲ್ಲಿ ಆಳುಪರ ಕುಂದವರ್ಮನ ಕಾಲದ, ಕ್ರಿ.ಶ. 968ರ, ಲೋಕೇಶ್ವರನ ಕಂಚಿನ ವಿಗ್ರಹವಿದೆ. ಅದರ ಹಿಂಬದಿಯ ಗುಡ್ಡವನ್ನು ಹತ್ತಿದವನಿಗೆ ಊರಿನ ಏರಿಳಿತದ ಅಂದಾಜು ಸಿಗುತ್ತದೆ. ಇದರ ಮೇಲೆ ವರ್ಷಕ್ಕೆ ಸುಮಾರು ಮೂರೂವರೆ ಸಾವಿರ ಮಿಲಿಮೀಟರ್ ಮಳೆ. ಚಿತ್ರದುರ್ಗ ಒಂದು ವರ್ಷದಲ್ಲಿ ಕಾಣುವುದಕ್ಕಿಂತ ಹೆಚ್ಚಿನದನ್ನು ಮಂಗಳೂರು ಆಷಾಢದ ಒಂದು ತಿಂಗಳಲ್ಲಿಯೇ ಕಾಣುತ್ತದೆ.

ಮಳೆ ಬಂದರೆ ಮೈ ತಂಪಾಗುತ್ತದೆ, ಆದ್ದರಿಂದ ಓಟ ಸುಲಭ ಎಂಬುದು ಮೊದಲನೆಯ ಭ್ರಮೆ. ಸುರಿಯುವಷ್ಟು ಹೊತ್ತು ಅದು ಸ್ವಲ್ಪಮಟ್ಟಿಗೆ ನಿಜ. ಆದರೆ ಮಳೆ ನಿಂತ ಗಳಿಗೆಯಲ್ಲಿ ಕಷ್ಟ ಆರಂಭವಾಗುತ್ತದೆ. ದೇಹದ ಉಷ್ಣವನ್ನು ಕಳೆಯುವುದು ಬೆವರು ಸುರಿಯುವುದರಿಂದಲ್ಲ, ಅದು ಆರುವುದರಿಂದ. ಒಂದು ಲೀಟರ್ ಬೆವರು ಪೂರ್ತಿಯಾಗಿ ಆವಿಯಾದರೆ ಸುಮಾರು 580 ಕಿಲೊಕ್ಯಾಲೊರಿಯಷ್ಟು ಉಷ್ಣವನ್ನು ಒಯ್ಯುತ್ತದೆ. ತೊಟ್ಟಿಕ್ಕಿ ನೆಲಕ್ಕೆ ಬಿದ್ದ ಬೆವರು ಬಹುಮಟ್ಟಿಗೆ ವ್ಯರ್ಥ. ಚಂದ್ರವಳ್ಳಿಯ ಒಣಗಾಳಿಯಲ್ಲಿ ಅಂಗಿ ತೊಯ್ಯುವ ಮೊದಲೇ ಬೆವರು ಆರಿರುತ್ತದೆ, ಓಟಗಾರನಿಗೆ ಬೆವರಿದ್ದೇ ತಿಳಿಯುವುದಿಲ್ಲ. ಕರಾವಳಿಯ ಗಾಳಿಯಾದರೋ ಮೊದಲೇ ನೀರುಂಡು ತುಂಬಿದೆ. ಅದು ಬೆವರನ್ನು ತೆಗೆದುಕೊಳ್ಳಲೊಲ್ಲದು. ಹೀಗಾಗಿ ಒಳಗಿನ ಬಿಸಿ ಒಳಗೇ ಏರುತ್ತದೆ. ಘಟ್ಟದ ಮೇಲಿನ ವೇಗವನ್ನೇ ಮೊದಲ ವಾರದಲ್ಲಿ ಹಿಡಿಯಹೊರಟ ಬಲಶಾಲಿ ಹುಡುಗನೇ ಇಲ್ಲಿ ಮೊದಲು ಬೀಳುವವನು. ದೇಹ ಹೊಸ ಹವೆಗೆ ಒಗ್ಗಲು ಹತ್ತು ಹದಿನಾಲ್ಕು ದಿನಗಳಾದರೂ ಬೇಕು. ಅಲ್ಲಿಯವರೆಗೆ ಗಡಿಯಾರವನ್ನು ನೋಡದೆ, ಪಕ್ಕದವನೊಡನೆ ಮಾತಾಡಲು ಆಗುವಷ್ಟು ಮಾತ್ರದ ವೇಗದಲ್ಲಿ ಓಡುವುದು ಕ್ಷೇಮ. ತಲೆ ಸುತ್ತಿ, ಮಾತು ತೊದಲಿದರೆ ಅದು ದಣಿವಲ್ಲ, ಅಪಾಯ; ಓಟವನ್ನು ನಿಲ್ಲಿಸಿ, ಮೈಮೇಲೆ ತಣ್ಣೀರು ಸುರಿದು, ವೈದ್ಯರಲ್ಲಿಗೆ ಕರೆದೊಯ್ಯಬೇಕು.

ಎರಡನೆಯ ಭ್ರಮೆ ಇಳಿಜಾರಿನದು. ಏರು ಕಷ್ಟ, ಇಳಿತ ವಿಶ್ರಾಂತಿ ಎಂದು ಉಸಿರು ಹೇಳುತ್ತದೆ. ತೊಡೆ ಬೇರೆಯದನ್ನು ಹೇಳುತ್ತದೆ. ಇಳಿಯುವಾಗ ತೊಡೆಯ ಮುಂಭಾಗದ ಸ್ನಾಯು ಹಿಗ್ಗುತ್ತಲೇ ಮೈಭಾರವನ್ನು ತಡೆಯಬೇಕಾಗುತ್ತದೆ. ಆ ನೋವು ಕಾಣಿಸಿಕೊಳ್ಳುವುದು ಮರುದಿನ ಅಥವಾ ಮೂರನೆಯ ದಿನ. ಒದ್ದೆ ನೆಲದಲ್ಲಿ ದೊಡ್ಡ ಹೆಜ್ಜೆಯಿಟ್ಟು ಹಿಮ್ಮಡಿಯಿಂದ ತಡೆಹಿಡಿದರೆ ಜಾರುವುದು ಖಂಡಿತ. ಹೆಜ್ಜೆಯನ್ನು ಕಿರಿದು ಮಾಡಿ, ಪಾದವನ್ನು ಮೈಯ ಕೆಳಗೇ ಊರಬೇಕು. ತಲೆಹೊರೆ ಹೊತ್ತು ಗುಡ್ಡವಿಳಿಯುವ ಹೆಂಗಸರ ನಡೆ ಇದಕ್ಕೆ ಒಳ್ಳೆಯ ಮಾದರಿ.

ನೆಲದ ಮಾತು ಇದಕ್ಕಿಂತ ಮುಖ್ಯ. ಕರಾವಳಿಯ ಕಲ್ಲು ಮುರಕಲ್ಲು. 1807ರಲ್ಲಿ ಪ್ರಕಟವಾದ ತನ್ನ ಪ್ರವಾಸಗ್ರಂಥದಲ್ಲಿ ಬುಕಾನನ್ ಇದಕ್ಕೆ ‘ಇಟ್ಟಿಗೆ’ ಎಂಬರ್ಥದ ಲ್ಯಾಟಿನ್ ಮಾತಿನಿಂದ ಹೆಸರು ಕೊಟ್ಟನು. ನೆಲದೊಳಗೆ ಮೆತ್ತಗಿದ್ದು ಗಾಳಿಗೆ ಗಟ್ಟಿಯಾಗುವ ಈ ಕಲ್ಲು ರಂಧ್ರಮಯ. ನೀರನ್ನು ಹೀರಿಟ್ಟುಕೊಂಡು ಮಳೆಗಾಲವಿಡೀ ಪಾಚಿ ಹೊದೆಯುತ್ತದೆ. ಮೆಟ್ಟಿಲು, ಪಾಗಾರದ ಬುಡ, ನೆರಳಿನ ಕಾಲುದಾರಿ ಇವು ಎಣ್ಣೆ ಸವರಿದಂತಿರುತ್ತವೆ. ಡಾಂಬರಿನ ಮೇಲೆ ಬಳಿದ ಬಿಳಿಪಟ್ಟೆಯೂ ಚರಂಡಿಯ ಕಬ್ಬಿಣದ ಮುಚ್ಚಳವೂ ಹಾಗೆಯೇ. ರಸ್ತೆಯ ಮೇಲೆ ಕೆಂಪುನೀರು ನಿಂತಾಗ ಬಾಯ್ದೆರೆದ ತೋಡು ಎಲ್ಲಿದೆ, ರಸ್ತೆ ಎಲ್ಲಿದೆ ತಿಳಿಯದು. ಆಗ ತಿರುಗಿ ಬರುವುದೇ ಸರಿ. ಕಡಿದ ಗುಡ್ಡದ ಗೋಡೆಯ ಬುಡದಲ್ಲಿ ಸತತ ಮಳೆಯ ದಿನ ಓಡಲೇಬಾರದು. ಗುಡುಗು ಸಿಡಿಲಿನ ಭಯ ಆಷಾಢಕ್ಕಿಂತ ಮಳೆಗಾಲದ ಹಿಂದುಮುಂದಿನ ತಿಂಗಳ ಸಂಜೆಗಳಲ್ಲಿ ಹೆಚ್ಚು.

ನಿಂತ ನೀರಿನಲ್ಲಿ ಇನ್ನೊಂದು ಕೇಡು ಅಡಗಿದೆ. ಇಲಿಜ್ವರದ ಸೂಕ್ಷ್ಮಾಣುಗಳು ಇಲಿ ಮೊದಲಾದ ಪ್ರಾಣಿಗಳ ಮೂತ್ರದಿಂದ ನೀರಿಗೆ ಸೇರಿ, ಕಾಲಿನ ಗಾಯದ ಮೂಲಕ ಒಳಹೊಗುತ್ತವೆ. ಒದ್ದೆ ಕಾಲುಚೀಲದಿಂದ ಎದ್ದ ಬೊಕ್ಕೆ ಒಡೆದರೆ ಅದೂ ಗಾಯವೇ. ಈ ರೋಗದ ಲಕ್ಷಣಗಳು ಜ್ವರ ಮತ್ತು ಮೈನೋವು, ವಿಶೇಷವಾಗಿ ಮೀನಖಂಡದ ನೋವು. ಓಟಗಾರನು ಆ ನೋವನ್ನು ಓಟದ ಲೆಕ್ಕಕ್ಕೆ ಬರೆದುಕೊಂಡು ಸುಮ್ಮನಿರುತ್ತಾನೆ. ಅಷ್ಟರಲ್ಲಿ ಮೂತ್ರಪಿಂಡಕ್ಕೋ ಯಕೃತ್ತಿಗೋ ಹಾನಿಯಾಗಿರುತ್ತದೆ. ವೇಳೆಗೆ ಸರಿಯಾಗಿ ಔಷಧಿ ಸಿಕ್ಕರೆ ಗುಣವಾಗುವ ಕಾಯಿಲೆಯಿದು. ಹಾಸ್ಟೆಲಿನಲ್ಲಿ ಒಬ್ಬನೇ ಮಲಗಿರುವ ಮಗನು ದೂರವಾಣಿಯಲ್ಲಿ ‘ಕಾಲುನೋವು, ಸ್ವಲ್ಪ ಜ್ವರ’ ಎಂದರೆ, ನೀರಿನಲ್ಲಿ ಓಡಿದ್ದೆಯಾ ಎಂದು ಮನೆಯವರು ಕೇಳಬೇಕು. ಮಗನು ಅದನ್ನೇ ವೈದ್ಯರಿಗೂ ಹೇಳಬೇಕು.

ಇಷ್ಟೆಲ್ಲ ಹೇಳಿದ್ದು ಓಟವನ್ನು ಬಿಡಿಸುವುದಕ್ಕಲ್ಲ. ಈ ಮಳೆಯ ಊರಿನಲ್ಲಿ ಬೆಳೆದ ಎಂ. ಆರ್. ಪೂವಮ್ಮ 2014ರ ಮತ್ತು 2018ರ ಏಷ್ಯನ್ ಕ್ರೀಡಾಕೂಟಗಳಲ್ಲಿ 4×400 ಮೀಟರುಗಳ ರಿಲೇ ಓಟದಲ್ಲಿ ಚಿನ್ನ ಗೆದ್ದ ತಂಡಗಳಲ್ಲಿದ್ದರು. ತುಳುವರು ಓಟವನ್ನು ‘ಬಲಿಪು’ ಎನ್ನುತ್ತಾರೆ. ಕೆಸರಿನಲ್ಲಿ ಕೋಣಗಳ ಹಿಂದೆ ಓಡುವುದು ಅವರಿಗೆ ಹಬ್ಬ. 2020ರಲ್ಲಿ ಐಕಳದ ಕಂಬಳದಲ್ಲಿ ಓಟಗಾರನೊಬ್ಬ 142.5 ಮೀಟರನ್ನು 13.62 ಸೆಕೆಂಡಿನಲ್ಲಿ ಮುಗಿಸಿದಾಗ ಜಗತ್ತಿನ ದಾಖಲೆಯೊಡನೆ ಹೋಲಿಸಿ ಗದ್ದಲವೆದ್ದಿತು. ಎಳೆಯುವ ಕೋಣಗಳನ್ನು ಮರೆತ ಹೋಲಿಕೆಯದು. ಆದರೆ ಕೆಸರಿನಲ್ಲಿ ಕಾಲೂರಿ ಬೀಳದೆ ಉಳಿದ ಕೌಶಲಕ್ಕೆ ಯಾವ ಹೋಲಿಕೆಯೂ ಬೇಕಿಲ್ಲ.

ಬೆಳಗಾವಿಯ ಪಡೆಪ್ಪ ಚೌಗುಲೆ 1920ರಲ್ಲಿ ಆಂಟ್ವರ್ಪ್ ಒಲಿಂಪಿಕ್ಸಿನಲ್ಲಿ 42.75 ಕಿಲೋಮೀಟರಿನ ಮ್ಯಾರಥಾನ್ ಓಡಿ ಹತ್ತೊಂಬತ್ತನೆಯವರಾಗಿ ಬಂದರು. ನೂರು ವರ್ಷಗಳ ತರುವಾಯವೂ ನಮ್ಮ ಶಾಲೆಗಳಲ್ಲಿ ಓಟವೆಂದರೆ ವಾರ್ಷಿಕೋತ್ಸವದ ಹಿಂದಿನ ವಾರದ ಸಂಗತಿ. ಪರೀಕ್ಷೆ ಹತ್ತಿರವಾದಂತೆ ಆಟದ ಅವಧಿಯಲ್ಲಿ ಗಣಿತ ಬಂದು ಕೂರುತ್ತದೆ. ದಾನಿಗಳ ಹೆಸರು ಕೊಠಡಿಗಳ ಬಾಗಿಲ ಮೇಲೆ ಕಂಗೊಳಿಸುತ್ತದೆ. ಬಯಲಿಗೆ ಹೆಸರು ಕೆತ್ತಲು ಗೋಡೆಯಿಲ್ಲ, ಆದಕಾರಣ ಹೊಸ ಕೊಠಡಿ ಏಳುವುದು ಬಯಲಿನ ಮೇಲೆಯೇ. ಇದನ್ನು ಬಯಲಿಗೆ ದಾನ ಕೊಡಬಲ್ಲ ಮಹನೀಯರು ಯೋಚಿಸಬೇಕು. ಬೇಕಾದದ್ದು ಹೆಚ್ಚೇನಲ್ಲ: ನೀರು ಹರಿದುಹೋಗುವಂತೆ ನಡುವೆ ಕೊಂಚ ಉಬ್ಬಿಸಿದ ಅಂಗಳ, ಅಂಚಿಗೆ ಕಾಲುವೆ, ಒಂದು ನಲ್ಲಿ. ಜೊತೆಗೆ ಒದ್ದೆ ಬಟ್ಟೆ ನೇತುಹಾಕಲು ಗೂಟಗಳಿರುವ ಮಾಡು, ಅದರೊಳಗೆ ಬೂಟುಗಳಿಗೆ ತುರುಕಲು ಹಳೆಯ ವೃತ್ತಪತ್ರಿಕೆಗಳ ಕಟ್ಟು. ಪತ್ರಿಕೆ ತುರುಕಿಟ್ಟ ಬೂಟು ಬೆಳಗಾಗುವಷ್ಟರಲ್ಲಿ ಮರಳಿ ಮೆಟ್ಟುವಷ್ಟು ಆರಿರುತ್ತದೆ.