ದೊಡ್ಡ ಕರುಳಿನ ಅರ್ಬುದ: ವಂಶವೂ ಸೊಂಟದ ಸುತ್ತಳತೆಯೂ

ದೊಡ್ಡ ಕರುಳಿನ ಅರ್ಬುದರೋಗ, ಅಂದರೆ ಕ್ಯಾನ್ಸರ್, ಒಂದೇ ಕಾಯಿಲೆಯೆಂದು ನಾವು ಸಾಮಾನ್ಯವಾಗಿ ಭಾವಿಸುತ್ತೇವೆ. ವಾಸ್ತವವಾಗಿ ಅದು ಒಂದೇ ಹೆಸರಿನಡಿ ಅಡಗಿರುವ ಹಲವು ಕಾಯಿಲೆಗಳು. ಜೀವಕೋಶದಲ್ಲಿ ಯಾವ ಜೀನ್ ಕೆಟ್ಟಿತೆಂಬುದರ ಮೇಲೆ ಅವುಗಳ ಸ್ವಭಾವವೂ ಚಿಕಿತ್ಸೆಯೂ ಬದಲಾಗುತ್ತವೆ.

ಬಹುಪಾಲು ರೋಗಿಗಳಲ್ಲಿ ಮೊದಲು ಕೆಡುವುದು ಎ.ಪಿ.ಸಿ. ಎಂಬ ಜೀನ್. ಆಗ ಕರುಳಿನ ಒಳಪೊರೆಯ ಮೇಲೆ ಪಾಲಿಪ್ ಎಂಬ ಸಣ್ಣ ಗಂಟು ಏಳುತ್ತದೆ. ಮುಂದೆ ಬೇರೆ ಜೀನ್‌ಗಳೂ ಒಂದರ ಹಿಂದೊಂದು ಕೆಟ್ಟು, ಸಾಮಾನ್ಯವಾಗಿ ಹತ್ತು ವರ್ಷ ಅಥವಾ ಅದಕ್ಕೂ ಹೆಚ್ಚು ಕಾಲದಲ್ಲಿ ಅಂಥ ಕೆಲವು ಗಂಟುಗಳು ಅರ್ಬುದವಾಗುತ್ತವೆ.

ನೂರರಲ್ಲಿ ಸುಮಾರು 15 ಮಂದಿಯ ರೋಗದ ದಾರಿ ಬೇರೆ. ಜೀವಕೋಶ ಎರಡಾಗುವಾಗ ತನ್ನ ಡಿ.ಎನ್.ಎ.ಯನ್ನು ನಕಲು ಮಾಡಿಕೊಳ್ಳುತ್ತದೆ. ನಮ್ಮ ಸಂಚಿಕೆಗೆ ಕರಡು ತಿದ್ದುವವರು ಇರುವಂತೆ, ಆ ನಕಲಿನ ತಪ್ಪುಗಳನ್ನು ತಿದ್ದುವ ಜೀನ್‌ಗಳೂ ಇವೆ. ಅವೇ ಕೆಟ್ಟರೆ ತಪ್ಪುಗಳು ರಾಶಿಬೀಳುತ್ತವೆ. ಹೆಚ್ಚಿನವರಲ್ಲಿ ಈ ಕೆಡುಕು ಇಳಿವಯಸ್ಸಿನಲ್ಲಿ ತಾನಾಗಿ ತಲೆದೋರುತ್ತದೆ. ಕೆಲವರಿಗೆ ತಂದೆಯಿಂದಲೋ ತಾಯಿಯಿಂದಲೋ ಬಳುವಳಿಯಾಗಿ ಬರುತ್ತದೆ. ಬಳುವಳಿಯಾಗಿ ಬಂದುದಕ್ಕೆ ಲಿಂಚ್ ಸಿಂಡ್ರೋಮ್ ಎಂದು ಹೆಸರು.

ಅಮೆರಿಕದ ಮಿಶಿಗನ್ನಿನಲ್ಲಿದ್ದ ರೋಗಶಾಸ್ತ್ರಜ್ಞ ಆಲ್ಡ್ರೆಡ್ ವಾರ್ಥಿನ್ ಅವರಿಗೆ 1895ರಲ್ಲಿ ಅವರ ಹೊಲಿಗೆಯ ಹೆಂಗಸು, ತನ್ನ ಮನೆತನದಲ್ಲಿ ಅನೇಕರು ಕ್ಯಾನ್ಸರಿನಿಂದ ಸತ್ತಿರುವುದರಿಂದ ತಾನೂ ಹಾಗೆಯೇ ಸಾಯುವೆನೆಂದು ಹೇಳಿದಳಂತೆ. ಮುಂದೆ ಗರ್ಭಕೋಶದ ಕ್ಯಾನ್ಸರಿನಿಂದಲೇ ತೀರಿಕೊಂಡಳು. ವಾರ್ಥಿನ್ ಆ ಮನೆತನದ ವಿವರವನ್ನು 1913ರಲ್ಲಿ ಪ್ರಕಟಿಸಿದರು. ಇಂಥ ಕುಟುಂಬಗಳನ್ನು 1960ರ ದಶಕದಿಂದ ಆಳವಾಗಿ ಅಭ್ಯಸಿಸಿದವರು ಹೆನ್ರಿ ಲಿಂಚ್.

ಹಾಗಾದರೆ ಎಲ್ಲವೂ ಹಣೆಬರಹವೇ? ಅಲ್ಲ. ಹೊಟ್ಟೆಯ ಸುತ್ತ ಕೊಬ್ಬು ಸೇರಿದಾಗ ದೇಹ ಇನ್ಸುಲಿನ್ನಿನ ಮಾತು ಕೇಳದಾಗುತ್ತದೆ. ಮೇದೋಜೀರಕ ಗ್ರಂಥಿ ಇನ್ನಷ್ಟು ಇನ್ಸುಲಿನ್ ಸುರಿಸುತ್ತದೆ. ಸಕ್ಕರೆಯನ್ನು ನಿಯಂತ್ರಿಸುವ ಈ ರಸವೇ ಕರುಳಿನ ಜೀವಕೋಶಗಳಿಗೆ ಬೆಳೆಯಲು ಪ್ರಚೋದನೆ ಕೊಡುತ್ತದೆ. ಬೆಳವಣಿಗೆ ಹೆಚ್ಚಿದಷ್ಟೂ ನಕಲು ಹೆಚ್ಚು, ತಪ್ಪಿಗೆ ಅವಕಾಶವೂ ಹೆಚ್ಚು. ಬೊಜ್ಜಿನವರಲ್ಲಿಯೂ ಮಧುಮೇಹಿಗಳಲ್ಲಿಯೂ ಈ ರೋಗ ಅಧಿಕವಾಗಿರುವುದಕ್ಕೆ ಇದೊಂದು ಕಾರಣವೆಂದು ವಿಜ್ಞಾನಿಗಳು ಎಣಿಸುತ್ತಾರೆ. ಲಿಂಚ್ ದೋಷವುಳ್ಳವರನ್ನೇ ಹಲವು ವರ್ಷ ಗಮನಿಸಿ 2015ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಬೊಜ್ಜುಳ್ಳವರಿಗೆ ದೊಡ್ಡ ಕರುಳಿನ ಕ್ಯಾನ್ಸರ್ ಬರುವ ಸಂಭವ ಸಾಮಾನ್ಯ ಅಥವಾ ಕಡಿಮೆ ತೂಕದವರಿಗಿಂತ ಎರಡು ಪಟ್ಟಿಗೂ ಮೀರಿತ್ತು. ಜೀನ್ ಅದೇ ಬಗೆಯದಾದರೂ ದೇಹಸ್ಥಿತಿ ಫಲವನ್ನು ಬದಲಿಸಿತ್ತು. ಭಾರತೀಯರಲ್ಲಿ ಸೊಂಟದ ಸುತ್ತಳತೆ ಗಂಡಸರಿಗೆ 90, ಹೆಂಗಸರಿಗೆ 80 ಸೆಂಟಿಮೀಟರ್ ಮುಟ್ಟಿದರೆ ಎಚ್ಚರ ಬೇಕು. ಲೋಕಲ್ ರೈಲು, ಕುರ್ಚಿಯ ಕೆಲಸ, ರಾತ್ರಿ ಹತ್ತರ ಊಟಗಳ ನಡುವೆ ಈ ಗೆರೆ ದಾಟುವುದು ಕಷ್ಟವೇನಲ್ಲ!

ಊರು ಬಿಟ್ಟು ಬಂದ ನಮಗೆ ಇನ್ನೊಂದು ತೊಡಕಿದೆ. ಸೋದರಮಾವ ‘ಹೊಟ್ಟೆನೋವಿನಿಂದ’ ಹೋದರು, ದೊಡ್ಡಮ್ಮ ‘ರಕ್ತಸ್ರಾವದಿಂದ’ ಹೋದರು ಎಂಬುದಕ್ಕಿಂತ ಹೆಚ್ಚು ನಮಗೆ ತಿಳಿದಿರುವುದಿಲ್ಲ. ಹಬ್ಬಕ್ಕೆ ಊರಿಗೆ ಹೋದಾಗ ಯಾರಿಗೆ, ಯಾವ ಅಂಗಕ್ಕೆ, ಯಾವ ವಯಸ್ಸಿನಲ್ಲಿ ರೋಗ ಬಂದಿತ್ತೆಂದು ಹಿರಿಯರನ್ನು ಕೇಳಿ ಬರೆದಿಟ್ಟುಕೊಳ್ಳಬೇಕು. ಐವತ್ತು ತುಂಬುವ ಮುನ್ನವೇ ಹತ್ತಿರದ ಬಂಧುವಿಗೆ ಕರುಳಿನ ಅಥವಾ ಗರ್ಭಕೋಶದ ಕ್ಯಾನ್ಸರ್ ಬಂದಿದ್ದರೆ ಆ ಚೀಟಿಯನ್ನು ವೈದ್ಯರಿಗೆ ತೋರಿಸಬೇಕು. ಲಿಂಚ್ ದೋಷ ಖಚಿತವಾದವರಿಗೆ ಅನೇಕವೇಳೆ 25ನೆಯ ವಯಸ್ಸಿನ ಸುಮಾರಿಗೇ ಕೊಲೊನೊಸ್ಕೋಪಿ ಆರಂಭಿಸಿ, ಒಂದೆರಡು ವರ್ಷಕ್ಕೊಮ್ಮೆ ಮಾಡುತ್ತಾರೆ. ಕಂಡ ಗಂಟುಗಳನ್ನು ಆಗಲೇ ತೆಗೆದುಹಾಕಬಹುದು. ಮಲದಲ್ಲಿ ರಕ್ತ ಕಂಡರೆ ಮೂಲವ್ಯಾಧಿಯೆಂದು ತಾವೇ ತೀರ್ಮಾನಿಸಿ ಸುಮ್ಮನಿರುವುದು ಸಲ್ಲದು.

ರೋಗ ಆಗಲೇ ಬಂದಿದ್ದರೆ, ತೆಗೆದ ಗಡ್ಡೆಯ ಚೂರಿನಲ್ಲಿ ತಿದ್ದುವ ಜೀನ್‌ಗಳ ಪರೀಕ್ಷೆಯಾಗಿದೆಯೇ ಎಂದು ವಿಚಾರಿಸಿರಿ. ಆ ಬಗೆಯ ಅರ್ಬುದ ದೇಹದ ಬೇರೆಡೆಗೆ ಹರಡಿದ್ದರೂ, ರೋಗನಿರೋಧಕ ಶಕ್ತಿಯನ್ನು ಎಚ್ಚರಿಸುವ ಹೊಸ ಔಷಧಿಗಳು ಅನೇಕರಿಗೆ ಚೆನ್ನಾಗಿ ಫಲಿಸುತ್ತವೆ. ಮೊದಲು ಹೇಳಿದ ಸಾಮಾನ್ಯ ಬಗೆಗೆ ಅವು ಅಷ್ಟಾಗಿ ನಾಟುವುದಿಲ್ಲ.