ಮನೆಯ ದುಡಿಮೆಗೂ ಲೆಕ್ಕ ಬೇಡವೇ?



ತೋಟದ ಖರ್ಚು ಬರೆದಿಡುವ ಅಭ್ಯಾಸ ನಮ್ಮಲ್ಲಿ ಅನೇಕರಿಗಿದೆ. ಮೈಲುತುತ್ತಿಗೆ ಎಷ್ಟು, ಗೊಬ್ಬರಕ್ಕೆ ಎಷ್ಟು, ಕೊನೆಗಾರನ ಕೂಲಿ ಎಷ್ಟು ಎಂಬುದೆಲ್ಲ ಪುಸ್ತಕದಲ್ಲಿರುತ್ತದೆ. ಆದರೆ ಕೊಯ್ಲಿನ ದಿನಗಳಲ್ಲಿ ಹತ್ತಾಳಿಗೆ ಅಡಿಗೆ ಮಾಡಿ, ರಾತ್ರಿ ಮೆಟ್ಟುಗತ್ತಿಯ ಮುಂದೆ ಕುಳಿತು ಅಡಿಕೆ ಸುಲಿದು, ಬೆಳಗಾಗುತ್ತಲೇ ಕಣದಲ್ಲಿ ಕಾಫಿ ಹರಡುವ ಮನೆಯಾಕೆಯ ದುಡಿಮೆ ಯಾವ ಪುಟದಲ್ಲಿದೆ?

ಜನರು ದಿನದ ವೇಳೆಯನ್ನು ಹೇಗೆ ಕಳೆಯುತ್ತಾರೆಂದು ತಿಳಿಯಲು ರಾಷ್ಟ್ರೀಯ ಸಾಂಖ್ಯಿಕ ಕಚೇರಿಯು 2019ರಲ್ಲಿ ದೇಶಾದ್ಯಂತ ಸಮೀಕ್ಷೆ ನಡೆಸಿತು. ಆರು ವರ್ಷ ಮೇಲ್ಪಟ್ಟವರಲ್ಲಿ, ದಿನವೊಂದರಲ್ಲಿ ಸಂಬಳವಿಲ್ಲದ ಮನೆಗೆಲಸಕ್ಕೆ ಕೈಹಚ್ಚಿದವರು ನೂರು ಹೆಂಗಸರಲ್ಲಿ ಸುಮಾರು 81 ಮಂದಿ, ನೂರು ಗಂಡಸರಲ್ಲಿ 26 ಮಂದಿ. ಹಾಗೆ ಕೈಹಚ್ಚಿದ ಹೆಂಗಸರು ಅದಕ್ಕೆ ಸರಾಸರಿ 299 ನಿಮಿಷ ಕೊಟ್ಟರೆ, ಗಂಡಸರು ಕೊಟ್ಟದ್ದು 97 ನಿಮಿಷ.

ನನ್ನ ಮನೆಯ ಸಂಗತಿಯನ್ನೇ ಹೇಳುತ್ತೇನೆ. ಒಂದು ಕೊಯ್ಲಿನಲ್ಲಿ ನನ್ನ ಮನೆಯವರು ಜ್ವರ ಬಂದು ಹತ್ತು ದಿನ ಮಲಗಿದರು. ಸಂಘದ ಜಮಾ-ಖರ್ಚನ್ನು ಪೈಸೆ ತಪ್ಪದೆ ಒಪ್ಪಿಸುವ ನನಗೆ ಅಕ್ಕಿಯ ಡಬ್ಬ ಯಾವುದೆಂದು ತಿಳಿಯಲಿಲ್ಲ! ಆಗ ಅವರು ಮಲಗಿದಲ್ಲಿಂದಲೇ ಅಂದರು: "ನಾನು ಮಲಗಿದ್ದಕ್ಕೆ ಒಲೆ ನಿಂತಿತು. ನೀವು ಮಲಗಿದರೆ ಸಾಲದ ಗಡುವು ಯಾವತ್ತು ಅಂತ ನನಗೆ ಯಾರು ಹೇಳಿದ್ದಾರೆ?"

ನನ್ನಲ್ಲಿ ಉತ್ತರವಿರಲಿಲ್ಲ. ಯಜಮಾನ ತೀರಿಕೊಂಡ ಮೇಲೆ ಕಾಗದಗಳ ಗಂಟು ಹಿಡಿದು, ಯಾವುದು ಏನೆಂದು ತಿಳಿಯದೆ ಸಂಘದ ಕಚೇರಿಗೆ ಬಂದ ತಾಯಂದಿರನ್ನು ನಾನು ಕಂಡಿದ್ದೇನೆ. ಆ ತಪ್ಪು ಅವರದಲ್ಲ.

ಅಡಿಗೆ ಹೆಂಗಸರ ಕೆಲಸ, ಲೆಕ್ಕ ಗಂಡಸರ ಕೆಲಸ ಎಂಬುದು ರೂಢಿಯೇ ಹೊರತು ಪ್ರಕೃತಿ ನಿಯಮವಲ್ಲ. ಮದುವೆ ಮನೆಯಲ್ಲಿ ಐನೂರು ಎಲೆಗೆ ಅಡಿಗೆ ಮಾಡುವವರು ಗಂಡಸರೇ ಅಲ್ಲವೇ? ಆದ್ದರಿಂದ ಈ ಕೊಯ್ಲಿನಿಂದ ಹೀಗೆ ಮಾಡಿ ನೋಡೋಣ:

1. ಬೆಳಗಿನ ತಿಂಡಿ, ಕೊಟ್ಟಿಗೆ, ಪಾತ್ರೆ - ಇವುಗಳಲ್ಲಿ ಒಂದನ್ನಾದರೂ ಗಂಡಸರು ಪೂರ್ತಿಯಾಗಿ ವಹಿಸಿಕೊಳ್ಳಲಿ. ಅದು 'ಸಹಾಯ' ಎನಿಸದೆ ಹೊಣೆಯಾಗಲಿ.

2. ಮಗಳಿಗೆ ಹೇಳುವ ಕೆಲಸವನ್ನು ಮಗನಿಗೂ ಹೇಳೋಣ.

3. ವಾರಕ್ಕೊಮ್ಮೆ ಗಂಡ-ಹೆಂಡತಿ ಜೊತೆಯಲ್ಲಿ ಕುಳಿತು ಲೆಕ್ಕ ನೋಡಲಿ. ಪಹಣಿ, ಪಾಸ್‌ಬುಕ್ಕು ಇರುವ ಜಾಗ, ಸಾಲದ ಕಂತಿನ ದಿನ ಇಬ್ಬರಿಗೂ ತಿಳಿದಿರಲಿ.

4. ಸಂಘದ ಖಾತೆಯಲ್ಲಿ ನಾಮನಿರ್ದೇಶನ ಯಾರ ಹೆಸರಿನಲ್ಲಿದೆ ಎಂದು ಒಮ್ಮೆ ಬಂದು ಪರಿಶೀಲಿಸಿ.

ಮುಂದಿನ ಸರ್ವಸದಸ್ಯರ ಸಭೆಗೆ ಇಬ್ಬರೂ ಜೋಡಿಯಾಗಿ ಬನ್ನಿ. ಅಂದು ಊಟ ಬಡಿಸುವ ಹೊಣೆ ನಿರ್ದೇಶಕರದು ಮತ್ತು ನನ್ನದು.

- ಕಾರ್ಯದರ್ಶಿ